ಹುಡುಕುಪದಗಳ ಆಯ್ಕೆ: ಕಡಲೆಕಾಯಿ ಬೆಳೆಗಾರರಿಗೆ ಸೂಚನೆಗಳು

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ ಸೇರುವುದು ಸರ್ವರಿಗೂ ತಿಳಿದ ಸಂಗತಿ. ಅಲ್ಲಿ ರಾಶಿಯೇ ಗಿರಾಕಿಯನ್ನು ಕರೆಯುತ್ತದೆ. ಜನರು ಕಾಯಿ ಸುಲಿದು, ರುಚಿ ನೋಡಿ, ಬೆಲೆ ಕೇಳುವರು. ವರ್ಷದ ಉಳಿದ ದಿನಗಳಲ್ಲಾದರೋ, ಸಮೀಪದ ಗಿರಿನಗರದ ಗೃಹಸ್ಥನು ಕಡಲೆಕಾಯಿಯಾಗಲಿ ಗಾಣದ ಎಣ್ಣೆಯಾಗಲಿ ಬೇಕಾದಾಗ ಮೊಬೈಲಿನಲ್ಲಿ ನಾಲ್ಕು ಮಾತು ಬರೆದು ಹುಡುಕುವನು. ಈ ಮಾತುಗಳಿಗೆ ಹುಡುಕುಪದಗಳೆಂದು ಹೆಸರು. ಬೆಳೆಗಾರನ ಜಾಲತಾಣದಲ್ಲಿ ಇವು ಇಲ್ಲದಿದ್ದರೆ ಸರಕು ಎಷ್ಟೇ ಉತ್ತಮವಾಗಿದ್ದರೂ ಗಿರಾಕಿಯ ಕಣ್ಣಿಗೆ ಬೀಳುವುದು ದುರ್ಲಭ. ಆಗ ಸರಕನ್ನು ಮಧ್ಯವರ್ತಿಯು ಹೇಳಿದ ಬೆಲೆಗೆ ಕೊಡಬೇಕಾಗುವುದು.

ಗೂಗಲ್ ಮೊದಲಾದ ಶೋಧಕ ಯಂತ್ರಗಳು ಜಾಲತಾಣಗಳ ಪುಟಗಳನ್ನು ಮುಂಚಿತವಾಗಿಯೇ ಓದಿ, ಯಾವ ಪುಟದಲ್ಲಿ ಯಾವ ಮಾತುಗಳಿವೆಯೆಂಬುದನ್ನು ಗ್ರಂಥದ ಕೊನೆಯ ಪದಸೂಚಿಯಂತೆ ಬರೆದಿಟ್ಟುಕೊಳ್ಳುವುವು. ಯಾರಾದರೂ ಹುಡುಕಿದಾಗ ಆ ಸೂಚಿಯನ್ನು ನೋಡಿ, ಹೆಚ್ಚು ಉಪಯುಕ್ತವೆಂದು ತೋರಿದ ಪುಟವನ್ನು ಮೇಲೆ ನಿಲ್ಲಿಸುವುವು. ಆದುದರಿಂದ ಮುಂದಿನ ಕ್ರಮಗಳನ್ನು ಅನುಸರಿಸತಕ್ಕದ್ದು.

೧. ಗಿರಾಕಿಯ ಮಾತನ್ನೇ ಆರಿಸಬೇಕು. ವ್ಯವಸಾಯದ ಪುಸ್ತಕಗಳಲ್ಲಿ ನೆಲಗಡಲೆಯೆನ್ನುವುದನ್ನು ಹಳೆಯ ಮೈಸೂರಿನ ಸೀಮೆಯಲ್ಲಿ ಕಡಲೆಕಾಯಿಯೆಂದೂ ಉತ್ತರದ ಜಿಲ್ಲೆಗಳಲ್ಲಿ ಶೇಂಗಾ ಎಂದೂ ಕರೆಯುವರು. ಇಂಗ್ಲಿಷಿನಲ್ಲಿ ಗ್ರೌಂಡ್‌ನಟ್, ಪೀನಟ್ ಎಂಬ ಎರಡು ಹೆಸರುಗಳಿವೆ. ಗಾಣದ ಎಣ್ಣೆಯನ್ನು ಕೋಲ್ಡ್ ಪ್ರೆಸ್ಡ್ ಆಯಿಲ್ ಎಂದು ಹುಡುಕುವವರೂ ಉಂಟು. ಟಿ.ಎಂ.ವಿ. ೨ ಎಂಬ ತಳಿಯ ಹೆಸರು ಬಿತ್ತುವವನಿಗೆ ಮುಖ್ಯವೇ ಹೊರತು ತಿನ್ನುವವನಿಗಲ್ಲ. ಪಟ್ಟಣದಲ್ಲಿರುವ ನಾಲ್ಕು ಮಂದಿ ಬಂಧುಗಳನ್ನು, ಅವರು ಏನೆಂದು ಬರೆದು ಹುಡುಕುವರೆಂದು ಕೇಳುವುದು ಅತ್ಯಂತ ಸುಲಭವಾದ ಪರೀಕ್ಷೆ.

೨. ಸ್ಥಳವನ್ನು ಸ್ಪಷ್ಟವಾಗಿ ಹೇಳಬೇಕು. ಗಿರಿನಗರವೆಂಬ ಬಡಾವಣೆಗಳು ಪುಣೆಯಲ್ಲಿಯೂ ಕೊಚ್ಚಿಯಲ್ಲಿಯೂ ಇವೆ. ಆದಕಾರಣ ಬನಶಂಕರಿ, ಹೊಸಕೆರೆಹಳ್ಳಿ ಎಂಬ ನೆರೆಯ ಹೆಸರುಗಳನ್ನೂ ಬೆಂಗಳೂರೆಂಬುದನ್ನೂ ಸೇರಿಸತಕ್ಕದ್ದು. ೨೦೧೪ನೆಯ ನವೆಂಬರ್ ೧ರಿಂದ ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂಬ ರೂಪವೇ ಅಧಿಕೃತವಾಗಿದ್ದರೂ ಬ್ಯಾಂಗಲೋರ್ ಎಂದು ಬರೆಯುವವರು ಈಗಲೂ ಇದ್ದಾರೆ. ಸರಕು ತಲಪಿಸಲಾಗದ ಬಡಾವಣೆಗಳ ಹೆಸರನ್ನು ಬರೆಯಬಾರದು.

೩. ಪದಗಳನ್ನು ತಕ್ಕ ಸ್ಥಳದಲ್ಲಿಡಬೇಕು. ಪುಟದ ಶಿರೋನಾಮೆ, ಮೊದಲ ವಾಕ್ಯ, ಚಿತ್ರದ ವಿವರಣೆ, ಇವು ಯೋಗ್ಯ ಸ್ಥಳಗಳು. ಕಾಯಿಗೊಂದು, ಎಣ್ಣೆಗೊಂದು, ಹಿಂಡಿಗೊಂದು ಪುಟವಿರಲಿ. ಕಣ್ಣಿಗೆ ಕಾಣದಂತೆ ಪುಟದೊಳಗೆ ಅಡಗಿಸಿಡುವ ಹುಡುಕುಪದಗಳ ಪಟ್ಟಿಯನ್ನು ತಾನು ಗಣಿಸುವುದಿಲ್ಲವೆಂದು ಗೂಗಲ್ ಸಂಸ್ಥೆಯು ೨೦೦೯ರಲ್ಲಿಯೇ ತಿಳಿಸಿದೆ. ಒಂದೇ ಪದವನ್ನು ಹತ್ತಾರು ಸಲ ತುರುಕಿದರೆ ಪುಟವು ಮೇಲೇರುವುದಕ್ಕೆ ಬದಲಾಗಿ ಕೆಳಗಿಳಿಯಲೂಬಹುದು. ಅತಿಯಾಗಿ ಗೊಬ್ಬರ ಹಾಕಿದ ಪೈರು ಒರಗುವಂತೆ.

೪. ಫಲವನ್ನು ಅಳೆಯಬೇಕು. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ, ಯಾವ ಪದಗಳಿಂದ ಹುಡುಕಿದಾಗ ಪುಟವು ಎಷ್ಟು ಸಲ ತೋರಿಬಂದಿತು, ಎಷ್ಟು ಸಲ ಅದನ್ನು ತೆರೆದರು ಎಂಬ ಲೆಕ್ಕ ದೊರೆಯುವುದು. ತಿಂಗಳಿಗೊಮ್ಮೆ ಇದನ್ನು ನೋಡತಕ್ಕದ್ದು. ಪುಟವು ಬಹಳ ಸಲ ತೋರಿಬಂದು ತೆರೆದವರು ಕಡಿಮೆಯಾಗಿದ್ದರೆ ಶಿರೋನಾಮೆಯನ್ನು ತಿದ್ದಿ ನೋಡಬೇಕು. ತೋರಿಬಂದುದೇ ಕಡಿಮೆಯಾದರೆ ಪದಗಳನ್ನು ಪುನಃ ಪರಿಶೀಲಿಸಬೇಕು. ಫಲ ಕಾಣಲು ಕೆಲವು ವಾರಗಳೇ ಬೇಕಾಗಬಹುದು. ದಿನಕ್ಕೊಂದು ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಒಬ್ಬೊಬ್ಬರೂ ಬೇರೆ ಬೇರೆ ಜಾಲತಾಣ ನಡೆಸುವುದು ಕಷ್ಟವಾದಲ್ಲಿ, ಗ್ರಾಮದ ಮುಖಂಡರು ಹತ್ತು ಮಂದಿ ಬೆಳೆಗಾರರನ್ನು ಕೂಡಿಸಿ, ವಿದ್ಯಾವಂತ ಯುವಕನೊಬ್ಬನಿಗೆ ಈ ಕೆಲಸವನ್ನು ವಹಿಸಬಹುದು. ಆದರೆ ಬರೆದ ಮಾತು ನಿಜವಾಗಿರಬೇಕು. ಗಿರಣಿಯ ಎಣ್ಣೆಯನ್ನು ಗಾಣದ ಎಣ್ಣೆಯೆಂದು ಬರೆದವನಿಗೆ ಗಿರಾಕಿಯು ಒಮ್ಮೆ ದೊರೆಯಬಹುದು, ಮರಳಿ ಬಾರನು. ಹುಡುಕುಪದವು ಅಂಗಡಿಯ ಬಾಗಿಲನ್ನು ತೋರಿಸುವುದಷ್ಟೆ. ಚೆನ್ನಾಗಿ ಒಣಗಿಸಿದ, ಹಸನು ಮಾಡಿದ, ತೂಕಕ್ಕೆ ಸರಿಯಾದ ಸರಕೇ ಗಿರಾಕಿಯನ್ನು ಉಳಿಸಿಕೊಳ್ಳುವುದು.