ಉಪಕರಣರಹಿತ ವ್ಯಾಯಾಮ

ತೂಕ ಇಳಿಸಬಯಸುವ ಅನೇಕರು ಉಪಕರಣಗಳಿಲ್ಲವೆಂದೂ ಉತ್ಸಾಹ ಸಾಲದೆಂದೂ ವ್ಯಾಯಾಮವನ್ನು ಮುಂದೂಡುವುದುಂಟು. ನಮ್ಮ ಗರಡಿಮನೆಗಳ ದಂಡ, ಬಸ್ಕಿಗಳಿಗೆ ಬೇಕಾದುದು ಆಳುದ್ದದ ನೆಲ ಮಾತ್ರ. ನಡಿಗೆಗೆ ಊರದಾರಿಯೇ ಸಾಕು.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ಅಲ್ಪ ಶ್ರಮವೂ ವ್ಯರ್ಥವಲ್ಲವೆಂದು ತಿಳಿಸಿತು. ಆದುದರಿಂದ ಉತ್ಸಾಹಕ್ಕಾಗಿ ಕಾಯದೆ, ಪ್ರತಿದಿನ ಸ್ನಾನಕ್ಕೆ ಮುನ್ನ 10 ನಿಮಿಷಗಳ ಬಿರುಸು ನಡಿಗೆ, 5 ಬಸ್ಕಿಗಳಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಬೇಕು. ನಿತ್ಯಕರ್ಮದೊಡನೆ ಬೆಸೆದ ಅಭ್ಯಾಸವು ಮನಸ್ಸಿನ ಅಪ್ಪಣೆಯನ್ನು ಬೇಡದು. ಮಂಡಿನೋವು, ಹೃದ್ರೋಗಗಳುಳ್ಳವರು ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು.

ಅರ್ಧ ಗಂಟೆಯ ನಡಿಗೆಯಲ್ಲಿ ವ್ಯಯವಾದ ಶಕ್ತಿಯನ್ನು ಒಂದು ಹೋಳಿಗೆಯೇ ಮರಳಿ ತುಂಬೀತು. ಆಹಾರದ ಮಿತಿಯಿಲ್ಲದೆ ವ್ಯಾಯಾಮವೊಂದೇ ತೂಕವನ್ನು ಹೆಚ್ಚು ಇಳಿಸಲಾರದು. ಆದರೂ ತಕ್ಕಡಿಯ ಮುಳ್ಳು ಕದಲದ ದಿನಗಳಲ್ಲಿಯೂ ಹೃದಯಕ್ಕೆ ಬಲ ಸಲ್ಲುತ್ತಲೇ ಇರುತ್ತದೆ. ಉಪಾಧ್ಯಾಯರು ನಡೆದು ತೋರಿದರೆ ವಿದ್ಯಾರ್ಥಿಗಳಿಗೆ ಬೇರೆ ಬೋಧೆ ಬೇಕಾಗದು.