ಕೊಟ್ಟಿಗೆ ಪಕ್ಕದ ಮಾವಿನ ಮರ: ಎತ್ತರ ಇಳಿಸುವುದು ಹೇಗೆ?



ಹಿತ್ತಲಿನ ಮಾವಿನ ಮರ ಕೊಟ್ಟಿಗೆಗೆ ಒಳ್ಳೆಯ ನೆರಳು. ಆದರೆ ಕತ್ತಿ ಕಾಣದೆ ಮುಗಿಲೆತ್ತರ ಬೆಳೆದ ಮರದ ಹಣ್ಣು ನಮ್ಮ ಕೈಗೆ ಸಿಗದು; ಉದುರಿ, ಕೆಳಗೆ ಕಟ್ಟಿದ ಹಸುವಿನ ಬಾಯಿಗೆ ಸಿಗುತ್ತದೆ. ಇಡೀ ಕಾಯಿ ಅಥವಾ ವಾಟೆ ಗಂಟಲಿನಲ್ಲಿ ಸಿಕ್ಕಿಕೊಂಡರೆ ತೇಗು ಹೊರಬಾರದೆ ಹೊಟ್ಟೆ ಉಬ್ಬಿ, ಕೆಲವೇ ಗಂಟೆಗಳಲ್ಲಿ ಹಸು ಸಾಯಬಹುದು. ಬಿಸಿಲು ಬೀಳದ ಕೊಟ್ಟಿಗೆಯ ನೆಲ ಒಣಗುವುದಿಲ್ಲ. ಒದ್ದೆ ನೆಲ ಕೆಚ್ಚಲು ಬಾವಿಗೆ ದಾರಿ.

ಯಾವಾಗ ಸವರಬೇಕು?

ಕೊಯ್ಲು ಮುಗಿದ ಕೂಡಲೇ, ಮಳೆ ಬಿಡುವು ಕೊಟ್ಟ ದಿನ ನೋಡಿ ಸವರಿಸಿ. ಹೊಸ ಚಿಗುರು ಬಲಿತರೆ ಮಾತ್ರ ಹೂ ಬರುತ್ತದೆ. ತಡಮಾಡಿ ನವೆಂಬರ್‌ನಲ್ಲಿ ಕಡಿದರೆ ಆ ವರ್ಷದ ಫಸಲು ಹೋದಂತೆ.

ಹೇಗೆ?

1. ಒಣಗಿದ, ರೋಗ ಬಿದ್ದ, ಒಂದಕ್ಕೊಂದು ಉಜ್ಜುವ ರೆಂಬೆಗಳನ್ನು ಮೊದಲು ತೆಗೆಸಿ.

2. ನಡುವೆ ನೆಟ್ಟಗೆ ಏರಿದ ಕೊಂಬೆಯನ್ನು, ಅದರಿಂದ ಪಕ್ಕಕ್ಕೆ ಹೊರಟ ಗಟ್ಟಿ ಕೊಂಬೆಯ ಸ್ವಲ್ಪ ಮೇಲೆ ಕತ್ತರಿಸಬೇಕು. ಮರದ ಒಳಗೆ ಬಿಸಿಲು ಬೀಳುತ್ತದೆ.

3. ಒಂದೇ ಸಲ ಬೋಳು ಮಾಡಬೇಡಿ. ತೊಗಟೆ ಬಿಸಿಲಿಗೆ ಸುಟ್ಟು ಕಾಂಡಕೊರಕ ಹುಳ ಬೀಳುತ್ತದೆ. ವರ್ಷಕ್ಕೆ ಕಾಲು ಭಾಗದಂತೆ ಮೂರು ವರ್ಷದಲ್ಲಿ ಇಳಿಸಿ. ಮೊದಲ ವರ್ಷ ಹಣ್ಣು ಸ್ವಲ್ಪ ಕಡಿಮೆಯಾಗಬಹುದು.

4. ದಪ್ಪ ಕೊಂಬೆಗೆ ಬುಡದಿಂದ ಒಂದು ಅಡಿ ದೂರದಲ್ಲಿ ಮೊದಲು ಕೆಳಗಿನಿಂದ ಅರ್ಧ ಗರಗಸ ಹಾಕಿಸಿ. ಅಲ್ಲಿಂದ ಎರಡು ಇಂಚು ಹೊರಗೆ ಮೇಲಿನಿಂದ ಕೊಯ್ಯಿಸಿ. ಉಳಿದ ಮೋಟನ್ನು ಕೊನೆಗೆ ಬುಡದ ಉಬ್ಬು ಬಿಟ್ಟು ತೆಗೆಸಿ. ಆಗ ತೊಗಟೆ ಸೀಳುವುದಿಲ್ಲ.

5. ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕಲಸಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ.

6. ಚಿಗುರು ಗುಂಪಾಗಿ ಬಂದಾಗ ಹೊರಮುಖವಾದ ಮೂರು ನಾಲ್ಕನ್ನು ಉಳಿಸಿ, ಮಿಕ್ಕವನ್ನು ಚಿವುಟಿ.

ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್‌ಮನ್‌ಗೆ ತಿಳಿಸಿ, ಕರೆಂಟ್ ತೆಗೆಸಿದ ಮೇಲೆಯೇ ಮರ ಹತ್ತಿಸಿ.

ದನಕರುಗಳ ಬಗ್ಗೆ ಎಚ್ಚರ

ಕೆಲಸ ಮುಗಿಯುವವರೆಗೆ ದನಗಳನ್ನು ಬೇರೆಡೆ ಕಟ್ಟಿ. ಮೈಲುತುತ್ತ ವಿಷ, ಕುರಿಗಳಿಗಂತೂ ಬಹಳ ಅಪಾಯ. ಕಲಸಿದ ಬಕೆಟ್‌ನಲ್ಲಿ ನೀರು ಕುಡಿಸಬೇಡಿ, ಮುಲಾಮು ತಾಗಿದ ಸೊಪ್ಪು ಹಾಕಬೇಡಿ. ಶುದ್ಧ ಮಾವಿನ ಸೊಪ್ಪನ್ನೂ ಹಸಿ ಮೇವಿನ ಜೊತೆ ಸ್ವಲ್ಪವೇ ಕೊಡಿ, ಅದೇ ಮೇವಾಗಬಾರದು.

ಹಣ್ಣಿನ ಕಾಲದಲ್ಲಿ ಬೆಳಿಗ್ಗೆ ಸಂಜೆ ಉದುರಿದ್ದನ್ನು ಆರಿಸಿ. ಹಸು ಕತ್ತು ಚಾಚಿ, ಜೊಲ್ಲು ಸುರಿಸಿ, ಎಡ ಹೊಟ್ಟೆ ಉಬ್ಬಿದರೆ ಗಂಟಲಿಗೆ ಕೋಲು ತೂರಬೇಡಿ, ಎಣ್ಣೆ ಕುಡಿಸಬೇಡಿ. ಅನ್ನನಾಳ ಹರಿಯಬಹುದು, ಎಣ್ಣೆ ಶ್ವಾಸಕೋಶ ಸೇರಬಹುದು. ತಕ್ಷಣ ಸಂಘದ ಕಾರ್ಯದರ್ಶಿಗೆ ತಿಳಿಸಿ, ತುರ್ತು ಚಿಕಿತ್ಸೆಗೆ ಪಶುವೈದ್ಯರನ್ನು ಕರೆಸಿ.

– ಪಶುವೈದ್ಯಾಧಿಕಾರಿ