ಟಿಇಟಿ ಟಿಪ್ಪಣಿ: ಕಲಿಕಾ ಶೈಲಿ ಮತ್ತು ಗಡಿಭಾಗದ ತರಗತಿ

ನೀಲ್ ಫ್ಲೆಮಿಂಗ್ ಅವರ ವಾರ್ಕ್ ಮಾದರಿ (1992) ಕಲಿಯುವವರನ್ನು ನೋಟ, ಶ್ರವಣ, ಓದು-ಬರಹ, ಚಲನೆ ಎಂದು ವಿಂಗಡಿಸುತ್ತದೆ. ಹೋವರ್ಡ್ ಗಾರ್ಡ್ನರ್ ಅವರ ಬಹುಬುದ್ಧಿಮತ್ತೆ (1983) ಬೇರೆಯೇ ಸಿದ್ಧಾಂತ, ಅದಲುಬದಲು ಮಾಡಬೇಡಿ. ವಾರ್ಕ್ ಪ್ರಶ್ನಾವಳಿ ತಿಳಿಸುವುದು ಮಗುವಿನ ಇಷ್ಟವನ್ನಷ್ಟೇ. ಶೈಲಿಗೆ ಹೊಂದಿಸಿ ಕಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಪ್ಯಾಶ್ಲರ್ ಮತ್ತು ಸಂಗಡಿಗರ 2008ರ ವಿಮರ್ಶೆ ಹೇಳಿತು (ಪರೀಕ್ಷೆಯ ಕೀ ಉತ್ತರ ಮಾತ್ರ ಇನ್ನೂ ಶೈಲಿಯ ಕಡೆಗೇ ವಾಲಬಹುದು, ಎಚ್ಚರ). ಹಾಗಾದರೆ ಮಕ್ಕಳೆಲ್ಲ ಒಂದೇ ಥರವೇ? ಅಲ್ಲ, ವ್ಯತ್ಯಾಸವಿರುವುದು ಪೂರ್ವಜ್ಞಾನದಲ್ಲಿ, ಭಾಷೆಯಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಂಥ ಗಡಿಭಾಗದಲ್ಲಿ ಮನೆಯಲ್ಲಿ ಮರಾಠಿ ಆಡುವ ಮಗು ಕಳೆಯುವ ಲೆಕ್ಕವನ್ನು ಬಾಯಲ್ಲೇ ಮಾಡಿಯೂ, ಅದೇ ಲೆಕ್ಕ ಕನ್ನಡ ವಾಕ್ಯವಾಗಿ ಬಂದಾಗ ತಡವರಿಸಬಹುದು. ಆ ಮಗುವಿಗೆ ‘ಶ್ರವಣ ಶೈಲಿ’ಯ ಚೀಟಿ ಅಂಟಿಸಿದರೆ ತೊಡಕು ಭಾಷೆಯದೆಂಬುದೇ ಮರೆಯಾಗುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಬೋಧನಾ ಪದ್ಧತಿ ಗಮನಿಸುವುದು ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದನ್ನು, ಅದರ ಶೈಲಿಯನ್ನಲ್ಲ.